ಎಕ್ಸ್-ರೇ ಉಂಡ ಮುದ್ದೆ

ನಾನು ಕಾನ್ವೆಂಟ್‌ನಲ್ಲಿ ಓದಿದವಳು. ಫಿಸಿಕ್ಸ್‌ನಲ್ಲಿ ಫಸ್ಟ್ ಕ್ಲಾಸ್, ತುಮಕೂರಿನ ಕಾಲೇಜೊಂದರಲ್ಲಿ ಲೆಕ್ಚರರ್. ಇಂಥವಳಿಗೆ ಒಂದು ಎಕ್ಸ್-ರೇ ಅಳೆಯುವುದು ಯಾವ ಮಹಾ ಕೆಲಸ? ಎಂಬತ್ತರ ದಶಕದ ಶುರುವಿನಲ್ಲಿ ನನಗೆ ಹಾಗೊಂದು ಅಚಲ ನಂಬಿಕೆ ಇತ್ತು!

ಗುಬ್ಬಿಯಿಂದ ನನ್ನ ನಾದಿನಿ ಸರೋಜ ಬಂದಿದ್ದಳು. ಅವಳ ಸ್ತನದಲ್ಲೊಂದು ಗಂಟು. ಎಕ್ಸ್-ರೇ ತೆಗೆಸಲೇಬೇಕು ಅಂದರು ಲೇಡಿ ಡಾಕ್ಟರು. ಇವಳು ಸುತರಾಂ ಒಪ್ಪಲಿಲ್ಲ.

“ಆ ಕಿರಣ ಒಳಕ್ಕೆ ಎಷ್ಟು ಹೋಗ್ತದೆ ಅಂತ ಹೇಳಿ ಅತ್ತಿಗೆ, ಆಮೇಲೆ ನೋಡಾನ. ಇಲ್ಲಾಂದ್ರೆ ನಾನು ಬಸ್ ಹತ್ತುತೀನಿ.”

ಗಂಟು ಕೆಟ್ಟದ್ದಾಗಿದ್ದರೆ? “ನಾನೇ ಅಳೆದು ತೋರಿಸ್ತೀನಿ ಕಣೇ,” ಎಂದು ವಚನವಿತ್ತೆ.

ಬೆಂಗಳೂರಿನ ನನ್ನ ಹಳೆಯ ಪ್ರೊಫೆಸರ್ ಅಳತೆ ಬರೆದು ಕಳಿಸಲು ಒಂದು ಫಾರ್ಮನ್ನೂ ಅಳೆಯಲು ಒಂದು ‘ಚಿಪ್’ ಅನ್ನೂ ಕೊಟ್ಟರು. ಚಿಪ್ ಅಕ್ಕಿಕಾಳಿನಷ್ಟು ಪುಟ್ಟದು. ಮೇಲೆ ಎಕ್ಸ್-ರೇ ಬಿದ್ದರೆ ನೆನಪಿಟ್ಟುಕೊಳ್ಳುತ್ತೆ, ಆಮೇಲೆ ಲ್ಯಾಬ್‌ನಲ್ಲಿ ಬಿಸಿ ಮಾಡಿದರೆ ಡೋಸ್ ಎಷ್ಟೆಂದು ಬಾಯಿಬಿಡುತ್ತೆ. ಅದನ್ನು ಮೈಯನ್ನು ಹೋಲುವ ಮೇಣದ ಉಂಡೆಯೊಳಗಿಟ್ಟು ಅಳೆಯಬೇಕಂತೆ. ಮೇಣ ಯಾಕೆ? ಮನೆಯಲ್ಲಿ ರಾಗಿ ಮುದ್ದೆ ಇಲ್ಲವೇ! ಸಮಸ್ತ ವಿಜ್ಞಾನ ಲೋಕಕ್ಕೆ ಹೊಳೆಯದ್ದು ನನಗೆ ಹೊಳೆಯಿತು. ಚಿಪ್ ಅನ್ನು ಮುದ್ದೆಯ ನಡುವೆ ಹುದುಗಿಸಿ ಊಟದ ಡಬ್ಬಿಯಲ್ಲಿಟ್ಟು ಒಯ್ದೆ.

ನರ್ಸಿಂಗ್ ಹೋಮಿನ ಟೆಕ್ನಿಷಿಯನ್ ಮುದ್ದೆಯನ್ನು ನೋಡಿದ, ನನ್ನನ್ನು ನೋಡಿದ. “ಸಾರು ತಂದಿಲ್ವಾ ಮೇಡಂ?”

ಆದರೂ ಪ್ಲೇಟಿನಿಂದ ಅದುಮಿ ಎಕ್ಸ್-ರೇ ತೆಗೆದ. ಮುದ್ದೆ ಅಲ್ಲಾಡಲಿಲ್ಲ, ಅಯ್ಯೋ ಅನ್ನಲಿಲ್ಲ. ಐಡಿಯಲ್ ಪೇಷೆಂಟ್!

ಮನೆಗೆ ಬಂದು ಡಬ್ಬಿಯನ್ನು ಮೇಜಿನ ಮೇಲಿಟ್ಟು, ಚಿಪ್ ತೆಗೆಯಲು ಚಿಮಟ ಹುಡುಕಿಕೊಂಡು ಒಳಗೆ ಹೋದೆ. ವಾಪಸ್ ಬಂದರೆ, ಹಿರೇಹಳ್ಳಿ ಫ್ಯಾಕ್ಟರಿಯಿಂದ ಊಟಕ್ಕೆ ಬಂದಿದ್ದ ನಮ್ಮೆಜಮಾನರು ಕೈ ತೊಳೆಯುತ್ತಿದ್ದರು. ಡಬ್ಬಿ ಖಾಲಿ!

“ರೀ! ಮುದ್ದೆ ಎಲ್ಲಿ?”

“ಉಂಡೆ. ತಣ್ಣಗೆ, ಚಪ್ಪಟೆಯಾಗಿತ್ತು. ನಡುವೆ ಬೆರಳಿಗೆ ಏನೋ ಗಟ್ಟಿ ಸಿಕ್ತು. ಹೆಂಡ್ತಿ ಮರ್ಯಾದೆ ಯಾಕೆ ತೆಗೀಲಿ ಅಂತ ಸುಮ್ನಿದ್ದೆ.”

“ಅಗಿದ್ರಾ?”

“ಮುದ್ದೆ ಯಾರಾದ್ರೂ ಅಗೀತಾರೇನೇ!”

ಲೇಡಿ ಡಾಕ್ಟರಿಗೆ ಫೋನ್ ಮಾಡಿದರೆ ನಕ್ಕರು: “ಏನೂ ಆಗಲ್ಲ, ನಾಳೆ ತಾನಾಗೇ ಹೊರಗೆ ಹೋಗುತ್ತೆ.” ನನಗೆ ಜೀವ ಬಂತು. ಪ್ರೊಫೆಸರಿಗೆ ಟ್ರಂಕ್ ಕಾಲ್ ಬುಕ್ ಮಾಡಿದೆ. ನಡೆದದ್ದೆಲ್ಲ ಹೇಳಿ, “ಸರ್, ಚಿಪ್ ನಾಳೆ ಬೆಳಿಗ್ಗೆ ಸಿಗೋ ಚಾನ್ಸ್ ಇದೆ,” ಎಂದೆ.

ಆ ಕಡೆ ಪ್ರೊಫೆಸರು ಗಾಬರಿಬಿದ್ದರು. “ಬೇಡಮ್ಮಾ. ದಯವಿಟ್ಟು ವಾಪಸ್ ಕಳಿಸ್ಬೇಡ!”

ಇಷ್ಟೂ ಹೊತ್ತು ಸರೋಜ ಕಂಬ ಹಿಡಿದು ನಗುತ್ತಿದ್ದಳು. ಎಷ್ಟೋ ದಿನದಿಂದ ನಗದವಳು.

“ಅಣ್ಣಯ್ಯ ಎಕ್ಸ್-ರೇನೇ ನುಂಗಿ, ಈಗ ಮಜ್ಜಿಗೆ ಕೇಳ್ತಾವ್ನೆ! ನಂಗೇನಾಗ್ತದೆ ಬುಡಿ. ನಡೀರಿ ಅತ್ತಿಗೆ, ತೆಗೆಸ್ಕೊಂಡು ಬರಾನ.”

ಇದು ಸೈಂಟಿಫಿಕ್ ಪ್ರೂಫ್ ಅಲ್ಲ ಕಣೇ ಅನ್ನಲು ಬಾಯಿ ತೆರೆದೆ. ಜೀವನದಲ್ಲಿ ಒಮ್ಮೆಯಾದರೂ ಬುದ್ಧಿ ಉಪಯೋಗಿಸಿ, ಮುಚ್ಚಿಕೊಂಡೆ.

ಎಕ್ಸ್-ರೇ ಆಯಿತು. ಆಮೇಲೆ ಸೂಜಿ ಹಾಕಿ ನೋಡಿದರು. ಬರೀ ನೀರು ತುಂಬಿದ ಗಂಟು! ನರ್ಸಿಂಗ್ ಹೋಮಿನ ಮೆಟ್ಟಿಲ ಮೇಲೆ ನಾವಿಬ್ಬರೂ ತಬ್ಬಿಕೊಂಡು ಅತ್ತೆವು, ಮತ್ತೆ ನಕ್ಕೆವು.

ಉಳಿದದ್ದು ಪ್ರೊಫೆಸರ್ ಕೊಟ್ಟ ಫಾರ್ಮ್. ಡೋಸ್ ಎಷ್ಟು ಎಂಬ ಕಾಲಂನಲ್ಲಿ ಬಹಳ ಯೋಚಿಸಿ ಬರೆದೆ: ‘ಪೇಷೆಂಟ್ ಇಸ್ ಫೈನ್. ಹಸ್ಬೆಂಡ್ ಆಲ್ಸೋ ಫೈನ್.’ ಕೆಳಗೆ ಸಹಿ ಹಾಕಿ, ನನ್ನ ಡಿಗ್ರಿಗಳನ್ನೆಲ್ಲ ಒಂದೂ ಬಿಡದೆ ಬರೆದು ಪೋಸ್ಟ್ ಮಾಡಿದೆ. ನನ್ನ ಇಡೀ ಸರ್ವೀಸಿನ ಏಕೈಕ ರಿಸರ್ಚ್ ಪೇಪರ್ ಅದೇ!