ಚಿಗವ್ವನ ವಿಮೆ, ನನ್ನ ಹೊಟ್ಟೆನೋವು

ನಮ್ಮ ಚಿಗವ್ವನನ್ನು ಕಂಡರೆ ಜಡ್ಡುಗಳು ಹೆದರುತ್ತವೆ. ಇದು ಬೇರೆಯವರು ಹಬ್ಬಿಸಿದ ಮಾತಲ್ಲ, ಅವಳೇ ಹೇಳಿದ್ದು. ಹಾಗಾಗಿ ಸುಳ್ಳು ಎನ್ನುವ ಧೈರ್ಯ ಬಬಲೇಶ್ವರದಲ್ಲಿ ಯಾರಿಗೂ ಇಲ್ಲ.

ಚಿಗವ್ವ ನನ್ನ ತಾಯಿಯ ತಂಗಿ. ವಯಸ್ಸು ಅರವತ್ತು ದಾಟಿದೆ. ಗಂಡ ತೀರಿಕೊಂಡ ಮೇಲೆ ದ್ರಾಕ್ಷಿ ತೋಟವನ್ನು ಒಬ್ಬಳೇ ನಡೆಸಿಕೊಂಡು ಬಂದಿದ್ದಾಳೆ. ಅವಳ ವೈದ್ಯಶಾಸ್ತ್ರ ಬಹಳ ಸರಳ. ಯಾವ ಜಡ್ಡು ಬಂದರೂ ಮೊದಲು ಒಂದು ಚಿಟಿಕೆ ಅಜವಾನ, ಅದಕ್ಕೂ ಬಗ್ಗದಿದ್ದರೆ ಬೈಗುಳ. ಜ್ವರ ಬಂದರೆ ಹಣೆ ಮುಟ್ಟಿಕೊಂಡು, “ಬಂದ್ಯಾ? ಬಾ. ಇವತ್ತ ಬಳ್ಳಿಗೆ ಔಷಧ ಹೊಡಿಯೂದೈತಿ, ಪಂಪ್ ನೀನ ಹೊರು” ಎನ್ನುತ್ತಾಳೆ. ದುಡಿಯಲು ಯಾರಿಗೆ ಮನಸ್ಸು? ಜ್ವರ ಸಂಜೆಯೊಳಗೆ ಜಾಗ ಖಾಲಿ ಮಾಡುತ್ತದೆ. ಒಮ್ಮೆ ಊರಿಗೆ ಊರೇ ಚಿಕೂನ್‌ಗುನ್ಯಾ ಬಂದು ಗೋಡೆ ಹಿಡಿದು ನಡೆಯುತ್ತಿದ್ದಾಗ ಇವಳು ಮಾತ್ರ ತೋಟದಲ್ಲಿ ಗೊನೆ ಕತ್ತರಿಸುತ್ತಿದ್ದಳು. ಮೊಣಕಾಲು ನೋಯುತ್ತಿಲ್ಲವೇ ಎಂದು ಕೇಳಿದೆ.

“ನೋಯಾಕತ್ತಾವು ಖರೆ. ಆದ್ರ ನಾ ಅವನ್ನ ಮಾತಾಡಸಿಲ್ಲ” ಎಂದಳು.

ಇಂಥವಳಿಗೆ ವಿದೇಶ ಪ್ರವಾಸದ ಯೋಗ ಬಂತು. ತಿಕೋಟಾ ಮತ್ತು ಬಬಲೇಶ್ವರ ಕಡೆಯ ಒಂದಷ್ಟು ಬೆಳೆಗಾರರು ತುರ್ಕಿಗೆ ಹೋಗಿ, ಅಲ್ಲಿ ಒಣದ್ರಾಕ್ಷಿ ಹೇಗೆ ಮಾಡುತ್ತಾರೆಂದು ನೋಡಿ ಬರುವುದೆಂದು ತೀರ್ಮಾನಿಸಿದರು. ಹನ್ನೊಂದು ಮಂದಿ ಗಂಡಸರ ನಡುವೆ ಚಿಗವ್ವನೂ ಹೆಸರು ಕೊಟ್ಟಳು. ನಾನು ವಿಜಯಪುರದಲ್ಲಿ ಹೈಸ್ಕೂಲು ಇಂಗ್ಲಿಷ್ ಮೇಷ್ಟ್ರು. ಆದ್ದರಿಂದ ಅವಳ ನಾಲಿಗೆಯ ಕೆಲಸಕ್ಕೆ ನನ್ನನ್ನು ಜೊತೆಗೆ ಸೇರಿಸಿಕೊಂಡಳು.

ಪ್ರವಾಸದ ವ್ಯವಸ್ಥೆ ಮಾಡುವ ಏಜೆಂಟನ ಕಚೇರಿ ವಿಜಯಪುರದ ಗಾಂಧಿಚೌಕದ ಹತ್ತಿರ. ಅವನು ಟಿಕೆಟ್ಟಿನ ಮಾತು ಮುಗಿಸಿ ಆರೋಗ್ಯ ವಿಮೆಯ ಫಾರಂ ತೆಗೆದ.

“ಇದೊಂದು ಮಾಡಸ್ರಿ ಅವ್ವಾರ. ಅಲ್ಲಿ ಜಡ್ಡಾದ್ರ ಆಸ್ಪತ್ರಿ ಭಾಳ ತುಟ್ಟಿ.”

“ನಾ ದ್ರಾಕ್ಷಿ ನೋಡಾಕ ಹೊಂಟೀನಿ, ಆಸ್ಪತ್ರಿ ನೋಡಾಕಲ್ಲ.”

“ಹಂಗಲ್ರಿ, ಏನರ ಹೆಚ್ಚುಕಮ್ಮಿ ಆದ್ರ?”

“ಜಡ್ಡಿಗೆ ಮೊದಲ ವೀಳ್ಯಾ ಕೊಟ್ಟು ಕರದಂಗಾತು. ಬ್ಯಾಡ.”

ಅರ್ಧ ಗಂಟೆ ಹೀಗೇ ನಡೆಯಿತು. ನಾನು ವಿಮೆಯ ಮಹತ್ವದ ಬಗ್ಗೆ ಹತ್ತನೇ ತರಗತಿಗೆ ಪ್ರಬಂಧ ಹೇಳಿಕೊಟ್ಟಂತೆ ಪೀಠಿಕೆ, ವಿವರಣೆ, ಉಪಸಂಹಾರ ಎಲ್ಲ ಒಪ್ಪಿಸಿದೆ. ಚಿಗವ್ವ ಆಕಳಿಸಿದಳು. ಕೊನೆಗೆ ಏಜೆಂಟ ಅಳುಕುತ್ತಲೇ ಕೊನೆಯ ಪುಟ ಓದಿದ. ಪರದೇಶದಲ್ಲಿ ಪ್ರಾಣ ಹೋದರೆ ದೇಹವನ್ನು ಸ್ವದೇಶಕ್ಕೆ ತಲುಪಿಸುವ ಜವಾಬ್ದಾರಿಯೂ ವಿಮೆಯವರದೇ ಎಂದು ಅದರಲ್ಲಿತ್ತು.

ಚಿಗವ್ವ ನೆಟ್ಟಗೆ ಕುಳಿತಳು. “ಎಲ್ಲೀ ತನಕಾ ಮುಟ್ಟಸ್ತಾರ? ಮುಂಬೈಕ ಇಳಿಸಿ ಹೋಗ್ತಾರೋ, ಮನೀ ತನಕಾ ಬರ್ತಾರೋ?”

“ಮನೀ ತನಕಾ ಅಂತ ಐತ್ರಿ.”

“ನಮ್ಮ ಮನಿ ತ್ವಾಟದಾಗ ಐತಿ. ಹಾದಿ ಕೆಟ್ಟೈತಿ, ದೊಡ್ಡ ಗಾಡಿ ಒಳಗ ಬರೂದಿಲ್ಲ. ಅದನ್ನ ಮೊದಲ ಬರಕೋ.”

ವ್ಯವಹಾರ ಕುದುರಿತು. ಆದರೆ ಫಾರಂ ತುಂಬುವಾಗ ಈಗಿರುವ ಕಾಯಿಲೆಗಳ ಪ್ರಶ್ನೆ ಬಂತು. ಬಿ.ಪಿ. ಇದೆಯೇ ಎಂದು ಕೇಳಿದ. “ನನಗಿಲ್ಲ. ನನ್ನ ಜೋಡಿ ಮಾತಾಡಿದವರಿಗೆ ಬರ್ತೈತಿ” ಎಂದಳು. ಇದ್ದದ್ದನ್ನು ಮುಚ್ಚಿಟ್ಟರೆ ನಾಳೆ ವಿಮೆಯವರು ಕೈ ಎತ್ತುತ್ತಾರೆಂದು ನಾನು ಹಟ ಹಿಡಿದು ಪಕ್ಕದ ದವಾಖಾನೆಗೆ ಕರೆದುಕೊಂಡು ಹೋದೆ. ಅವಳಿಗೆ ಸ್ವಲ್ಪ ಬಿ.ಪಿ. ಇತ್ತು. ಯಂತ್ರವೇ ಕೆಟ್ಟಿದೆ ಎಂದು ವಾದಿಸಿ, ಪರೀಕ್ಷೆಗಾಗಿ ಏಜೆಂಟನನ್ನೂ ಕರೆಸಿ ಕೂರಿಸಿದಳು. ಅವನದು ಇವಳಿಗಿಂತ ಹೆಚ್ಚು ಬಂತು. ಆ ದಿನದಿಂದ ಇಬ್ಬರೂ ಗುಳಿಗೆ ನುಂಗುತ್ತಿದ್ದಾರೆ.

ನನ್ನ ಸರದಿ ಬಂದಾಗ, “ನನಗೇಕೆ? ನಾನು ಗಟ್ಟಿಮುಟ್ಟಾಗಿದ್ದೇನಲ್ಲ” ಎಂದೆ. ಅರ್ಧ ಗಂಟೆ ಉಪದೇಶ ಮಾಡಿದವನ ಬಾಯಿಂದಲೇ ಬಂದ ಮಾತಿದು.

“ಇವಂದೂ ಬರೀರಿ” ಎಂದಳು ಚಿಗವ್ವ. “ಇವ ಅಲ್ಲಿ ಬಿದ್ರ ಎತ್ತಾಕ ನನಗ ಆಗೂದಿಲ್ಲ. ತೂಕ ಭಾಳ ಅದಾನ.”

ವಿಮೆಯ ಕಾಗದಗಳನ್ನು ಅವಳು ಮಡಚಿ ಎಲೆ ಅಡಿಕೆಯ ಚಂಚಿಯಲ್ಲಿ ಇಟ್ಟುಕೊಂಡಳು. ನಾವು ಇಜ್ಮಿರ್ ಎಂಬ ಊರಿಗೆ ಮುಟ್ಟುವಷ್ಟರಲ್ಲಿ ಅವಕ್ಕೆ ಸುಣ್ಣವೂ ಹತ್ತಿತ್ತು.

ಮೂರನೆಯ ಬೆಳಿಗ್ಗೆ ಒಂದು ದೊಡ್ಡ ದ್ರಾಕ್ಷಿ ತೋಟ ನೋಡಲು ಹೊರಡಬೇಕಿತ್ತು. ಚಿಗವ್ವ ಅದಕ್ಕೆಂದೇ ಇಳಕಲ್ ಸೀರೆ ಉಟ್ಟು ಎಲ್ಲರಿಗಿಂತ ಮೊದಲು ಸಿದ್ಧಳಾಗಿದ್ದಳು. ನನಗೆ ತಿಂಡಿಯ ಮೇಜಿನಲ್ಲಿಯೇ ಹೊಟ್ಟೆನೋವು ಶುರುವಾಯಿತು. ಅವಳು ಅಜವಾನ ತಿನ್ನಿಸಿದಳು. ನೋವು ಹೆಚ್ಚಾಯಿತು. ಆಗ ನನ್ನ ಹೊಟ್ಟೆಯ ಕಡೆ ಬೆರಳು ತೋರಿಸಿ ಬೈಯತೊಡಗಿದಳು. ಹೋಟೆಲಿನವರೆಲ್ಲ ನಿಂತು ನೋಡಿದರು. ಜೀವಮಾನದಲ್ಲಿ ಮೊದಲ ಸಲ ಒಂದು ಜಡ್ಡು ಅವಳ ಮಾತು ಕೇಳಲಿಲ್ಲ. ತುರ್ಕಿಯ ಜಡ್ಡಿಗೆ ಕನ್ನಡ ಬರುತ್ತಿರಲಿಲ್ಲವೋ ಏನೋ.

ಚಿಗವ್ವ ಬೈಯುವುದನ್ನು ಫಕ್ಕನೆ ನಿಲ್ಲಿಸಿದಳು. ಚಂಚಿ ಬಿಚ್ಚಿ ಕಾಗದ ತೆಗೆದು ನಮ್ಮನ್ನು ತೋಟಕ್ಕೆ ಕರೆದೊಯ್ಯಲು ಬಂದಿದ್ದ ತುರ್ಕಿಯ ಗೈಡನ ಕೈಗಿಟ್ಟು, “ಇದಕ್ಕ ಫೋನ್ ಹಚ್ಚಪಾ” ಎಂದಳು. ಅವನಿಗೆ ಇಂಗ್ಲಿಷ್ ಬರುತ್ತಿತ್ತು, ಕನ್ನಡವಿಲ್ಲ. ಅವಳಿಗೆ ಕನ್ನಡ ಬರುತ್ತಿತ್ತು, ಇಂಗ್ಲಿಷ್ ಇಲ್ಲ. ಎರಡೂ ಬರುವವನು ನೆಲದ ಮೇಲೆ ಮುದುಡಿ ಬಿದ್ದಿದ್ದ. ಹೀಗಾಗಿ ನನ್ನ ನರಳಾಟವನ್ನು ನಾನೇ ಅನುವಾದ ಮಾಡಿಕೊಡಬೇಕಾಯಿತು.

ಯಾವ ಆಸ್ಪತ್ರೆಗೆ ಹೋಗಬೇಕೆಂದು ವಿಮೆಯವರು ಫೋನಿನಲ್ಲಿಯೇ ಹೇಳಿದರು. ಅಲ್ಲಿನ ವೈದ್ಯರು ಅಪೆಂಡಿಕ್ಸ್ ಎಂದರು, ತಡಮಾಡಿದರೆ ಒಡೆದೀತು ಎಂದರು. ನಮ್ಮ ಗುಂಪು ತೋಟಕ್ಕೆ ಹೋಯಿತು. ಚಿಗವ್ವ ಇಳಕಲ್ ಸೀರೆಯಲ್ಲಿಯೇ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಳು. ಖರ್ಚಿನ ವಿಷಯವನ್ನು ಆಸ್ಪತ್ರೆಯವರು, ವಿಮೆಯವರು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ನಮ್ಮನ್ನು ಯಾರೂ ಏನೂ ಕೇಳಲಿಲ್ಲ. ಆ ಕಾಗದ ಇರದಿದ್ದರೆ ಅವತ್ತು ಏನು ಮಾಡುತ್ತಿದ್ದೆವೋ ಈಗಲೂ ನನಗೆ ಗೊತ್ತಿಲ್ಲ.

ಆಪರೇಶನ್ ಮುಗಿದು ನನಗೆ ಎಚ್ಚರವಾದಾಗ ಚಿಗವ್ವ ವೈದ್ಯರ ಎದುರು ನಿಂತಿದ್ದಳು. ಕತ್ತರಿಸಿ ತೆಗೆದದ್ದನ್ನು ಕಣ್ಣಾರೆ ನೋಡದೆ ಬಿಡುವುದಿಲ್ಲವೆಂದು ಕೈಸನ್ನೆಯಲ್ಲಿಯೇ ಜಗಳ ಹೂಡಿ ಗೆದ್ದಿದ್ದಳು. ಬಾಟಲಿಯೊಳಗೆ ಇಣುಕಿ ನನ್ನ ಕಡೆ ತಿರುಗಿದಳು.

“ಹಸಿಮೆಣಸಿನಕಾಯಿಯಷ್ಟೂ ಇಲ್ಲಲ್ಲೋ. ಇದಕ್ಕ ಅಷ್ಟು ಒದರಿದೇನು?”

ಮರುದಿನ ಮಧ್ಯಾಹ್ನ ಒಬ್ಬ ವೃದ್ಧೆ ನಮ್ಮ ಕೋಣೆಗೆ ಬಂದಳು. ತಲೆಗೆ ಹೂವಿನ ವಸ್ತ್ರ ಕಟ್ಟಿದ್ದಳು, ಕೈಯಲ್ಲೊಂದು ಬುಟ್ಟಿ. ನಾವು ನೋಡಬೇಕಾಗಿದ್ದ ತೋಟದ ಒಡತಿ ಅವಳು. ಬಾರದೆ ಉಳಿದವಳೊಬ್ಬಳು ಇದ್ದಾಳೆಂದು ಕೇಳಿ ದ್ರಾಕ್ಷಿಯನ್ನೇ ಹೊತ್ತು ತಂದಿದ್ದಳು. ಜೊತೆಗೆ ಬಂದ ಗೈಡು ಪರಿಚಯ ಹೇಳಿ ಹೊರಗೆ ಹೋದ. ನಾನು ಗುಳಿಗೆಯ ಮಂಪರಿನಲ್ಲಿ ಕಣ್ಣು ಮುಚ್ಚಿದ್ದೆ.

ಇಬ್ಬರೂ ಮಾತಿಗೆ ಕುಳಿತರು. ಒಬ್ಬಳದು ತುರ್ಕಿ, ಇನ್ನೊಬ್ಬಳದು ಬಬಲೇಶ್ವರದ ಕನ್ನಡ. ಚಿಗವ್ವ ಊರಿನಿಂದ ತಂದ ಹಸಿರು ಒಣದ್ರಾಕ್ಷಿ ಕೊಟ್ಟಳು, ಅವಳು ತನ್ನ ಕಂದು ಬಣ್ಣದ್ದನ್ನು ಕೊಟ್ಟಳು. “ನಾವು ಶೆಡ್ಡಿನ್ಯಾಗ ನೆರಳಿಗೆ ಒಣಗಸ್ತೀವಿ ಬೇ. ನಿಮ್ಮದು ಬಿಸಲಾಗಿಂದು, ಹೌದಲ್ಲ?” ಎಂದಳು ಚಿಗವ್ವ. ಆಕೆ ತುರ್ಕಿಯಲ್ಲಿ ಏನೋ ಉದ್ದಕ್ಕೆ ಹೇಳಿದಳು. ಇಬ್ಬರೂ ನಕ್ಕರು. ಇಷ್ಟು ಚೆನ್ನಾಗಿ ಮಾತು ಸಾಗುತ್ತಿರುವಾಗ ಅನುವಾದಕ ಯಾತಕ್ಕೆ?

ಆಮೇಲೆ ಆಕೆ ನನ್ನನ್ನು ತೋರಿಸಿ ಏನೋ ಕೇಳಿದಳು.

“ನಮ್ಮಕ್ಕನ ಮಗಾ” ಎಂದಳು ಚಿಗವ್ವ. “ನಿನ್ನೆ ಬಾಗಲಾ ಮುಚ್ಚಿ ಒಳಗ ಒಯ್ದ್ರು ಬೇ ಇವನ್ನ. ಇವರಪ್ಪನ್ನ, ನನ್ನ ಗಂಡನ್ನ ಇಬ್ಬರನ್ನೂ ಬಿಜಾಪುರದಾಗ ಹಿಂಗ ಒಳಗ ಒಯ್ದಿದ್ರು. ಹೊರಗ ಬರಲಿಲ್ಲ. ನಿನ್ನೆ ನನ್ನ ಕಾಲಾಗಿನ ಬಲಾನ ಹೋತು. ಗ್ವಾಡಿ ಹಿಡಕೊಂಡು ಕುಂತೆ. ಯಾರ ಮುಂದ ಹೇಳ್ಲಿ? ನಿನಗ ತಿಳಿಯೂದಿಲ್ಲ, ಅದಕ್ಕ ಹೇಳಾಕತ್ತೇನಿ.”

ಅವಳ ದನಿ ನಡುಗುವುದನ್ನು ನಾನು ಕೇಳಿದ್ದು ಅದೇ ಮೊದಲು. ಆ ವೃದ್ಧೆ ಕುರ್ಚಿ ಹತ್ತಿರ ಎಳೆದುಕೊಂಡ ಸದ್ದಾಯಿತು, ಬಳೆಗಳ ಸದ್ದಾಯಿತು. ಸಣ್ಣಗೆ ಕಣ್ಣು ತೆರೆದು ನೋಡಿದರೆ, ಚಿಗವ್ವನ ಕೈ ಆಕೆಯ ಎರಡೂ ಕೈಗಳ ನಡುವೆ ಇತ್ತು.

ಗೋಡೆಯ ಕಡೆ ಹೊರಳೋಣವೆಂದರೆ ಹೊಲಿಗೆ ಬಿಡಲಿಲ್ಲ. ನಾನು ಕೇಳಿಸಿಕೊಂಡದ್ದು ಚಿಗವ್ವನಿಗೆ ಗೊತ್ತಾಗದ ಹಾಗೆ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡೆ.