ಮಂಜಿನಲ್ಲಿ ಇಳಿದು ಬಂದ ಹೆಣ

೧೯೬೭ನೆಯ ಇಸವಿ ಸೆಪ್ಟೆಂಬರ್ ೧೪, ಗುರುವಾರ, ಶರದೃತುವಿನ ಆರಂಭ, ಬೆಳಗಿನಿಂದಲೇ ಮಂಜು. ನಿವೃತ್ತ ಮುಖ್ಯೋಪಾಧ್ಯಾಯನಾದ ನಾನು, ಇದ್ವಾಲ್ ಪ್ರೋಸರ್, ವೇಲ್ಸ್ ನಾಡು ಹಿಂದೆಂದೂ ಕಾಣದಷ್ಟು ಶಿಸ್ತಿನ ಹೆಣವಾಗಬೇಕೆಂದು ಅಂದು ಸಂಕಲ್ಪಿಸಿದೆ!

ಲಂಡನ್ನಿನ ಸಿನಿಮಾ ತಂಡವೊಂದು ನಮ್ಮ ಬೆಟ್ಟವನ್ನೇ ಖೈಬರ್ ಕಣಿವೆಯೆಂದು ನಂಬಿಸಿ, ಹಿಂದಿನ ಸಾಮ್ರಾಜ್ಯದ ಶೂರರನ್ನು ಗೇಲಿ ಮಾಡುವ ಚಿತ್ರ ತೆಗೆಯುತ್ತಿತ್ತು. ನನಗೆ ಮಡಿದ ಪಠಾಣನ ಪಾತ್ರ. ಕಪ್ಪು ಗಡ್ಡ, ರುಮಾಲು. ಬೂಟು ಮಾತ್ರ ನನ್ನದೇ. ಹೆಂಡತಿ ಓಲ್ವೆನ್‌ಗೆ, ಮಳೆಮಾಪಕ ನೋಡಿ ಬರುವೆನೆಂದು ಹೇಳಿದ್ದೆ. ಕಾರಣವಿತ್ತು. ಸಿನಿಮಾ ಸೇರುವವನು ಪ್ರಾರ್ಥನಾಮಂದಿರದ ಹಿರಿಯರ ಪೀಠದಲ್ಲಿ ಕೂರತಕ್ಕದ್ದಲ್ಲವೆಂದು ಸೆಪ್ಟೆಂಬರ್ ೩ರಂದು ನಿರ್ಣಯವಾಗಿತ್ತು. ಅದನ್ನು ಬರೆದವನು ನಾನು. ಆ ಪೀಠದಲ್ಲಿ ಇಪ್ಪತ್ತೆರಡು ವರ್ಷ ಕುಳಿತವನೂ ನಾನು. ಆದರೆ ನಿರ್ದೇಶಕರು ಬೀದಿಯಲ್ಲಿ ನನ್ನನ್ನು ನಿಲ್ಲಿಸಿ, ನಿಮ್ಮದು ಅಪರೂಪದ ಮುಖ ಎಂದುಬಿಟ್ಟರು. ಮನುಷ್ಯ ಎಷ್ಟೆಂದು ತಡೆದಾನು?

"ನಾನು ಹೇಳೋವರೆಗೂ ರೆಪ್ಪೆ ಕೂಡ ಅಲ್ಲಾಡ್ಬಾರ್ದು," ಎಂದು ಆ ಅಪರೂಪದ ಮುಖದ ಮೇಲೆ ಬಿಳಿ ಬಟ್ಟೆ ಎಳೆಸಿದರು.

ಮಂಜು ದಟ್ಟವಾಗಿ ಚಿತ್ರೀಕರಣ ನಿಂತದ್ದು ನನ್ನ ಕಿವಿಗೆ ಬೀಳಲಿಲ್ಲ. ಸೈನಿಕರ ವೇಷದ ನಾಲ್ವರು ನನ್ನನ್ನು ನೆನೆದು ಭಾರವಾದ ಹುಲ್ಲಿನ ಗೊಂಬೆಯೆಂದು ತಿಳಿದು, ಊರಿನ ಉಗ್ರಾಣಕ್ಕೆ ಸೇರಿಸಲು ಸ್ಟ್ರೆಚರ್ ಹೊತ್ತು ನಡೆದರು.

ನಮ್ಮದು ಸ್ಲೇಟುಕಲ್ಲಿನ ಗಣಿಗಳ ಊರು. ಬೆಟ್ಟದಿಂದ ಬಟ್ಟೆ ಹೊದ್ದ ಸ್ಟ್ರೆಚರ್ ಇಳಿದರೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಮನೆಯವರು ಪರದೆ ಎಳೆಯುತ್ತಾರೆ. ಗಂಡಸರು ಟೋಪಿ ತೆಗೆದು ಹಿಂದೆ ನಡೆಯುತ್ತಾರೆ.

ಪರದೆಯೊಂದು ಸರಿದ ಸದ್ದು. ಮತ್ತೊಂದು. ಬಳಿಕ ಮಾತಿಲ್ಲದ ಹೆಜ್ಜೆಗಳು. ಮೊದಲು ಹತ್ತು, ಆಮೇಲೆ ಎಣಿಸಲಾಗದಷ್ಟು. ಹೊತ್ತವರಲ್ಲೊಬ್ಬ ಹಿಂದಿರುಗಿ ನೋಡಿದನಂತೆ. ಮಂಜಿನೊಳಗೆ ಟೋಪಿಯಿಲ್ಲದ ತಲೆಗಳ ಸಾಲು.

"ಯಾರೋ ಹೋಗ್ಬಿಟ್ರು ಕಣೋ," ಎಂದು ಪಿಸುಗುಟ್ಟಿದ. "ಮೆಲ್ಲಗೆ ನಡಿ."

ಸತ್ತವರಾರೆಂದು ಅವರಿಗೆ ತಿಳಿಯದು, ಹಿಂದಿನವರಿಗೂ ತಿಳಿಯದು. ನನಗೊಬ್ಬನಿಗೆ ತಿಳಿದಿತ್ತು. ಉಗ್ರಾಣದ ದಾರಿ ಬಿಟ್ಟು ಗುಂಪು ನೂಕಿದತ್ತ ಸಾಗಿ ಅವರು ನನ್ನನ್ನು ಇಳಿಸಿದ್ದು ಪ್ರಾರ್ಥನಾಮಂದಿರದಲ್ಲಿ, ಹಿರಿಯರ ಪೀಠದ ಮುಂದೆಯೇ. ಎದ್ದರೆ ಪೀಠ ಹೋಯಿತು. ಆದ್ದರಿಂದ ಸತ್ತೇ ಇದ್ದೆ.

ಹೆಂಗಸರು ಒಬ್ಬೊಬ್ಬರಾಗಿ ಬಂದು ಬಟ್ಟೆಯಿಂದ ಹೊರಗಿದ್ದ ಬೂಟು ನೋಡಿದರು. ತಮ್ಮವರದಲ್ಲವೆಂದು ಉಸಿರುಬಿಟ್ಟು ಹೋದರು. ಕೊನೆಗೊಂದು ಕೈ ಬೂಟಿನ ಮೇಲೆ ನಿಂತಿತು. ಬಿಡಲಿಲ್ಲ. ಆಗಲಾದರೂ ಏಳಬೇಕಿತ್ತು, ಏಳಲಿಲ್ಲ. ಬರೆಯಲು ಇಂದಿಗೂ ನಾಚಿಕೆ.

ಗಂಡಸರು ನಾಲ್ಕು ದನಿಗಳಲ್ಲಿ ಶೋಕಗೀತೆ ಎತ್ತಿಕೊಂಡರು. ಎರಡನೆಯ ಚರಣದಲ್ಲಿ ಮೇಲುದನಿಯವರು ಅರ್ಧ ಮಾತ್ರೆ ತಡವಾದರು. ಮೂರನೆಯದರಲ್ಲೂ ತಡವಾದರು!

ಬೂಟಿನ ಮೇಲಿದ್ದ ಕೈ ಸರಿಯಿತು.

"ನಮ್ಮವರೇ," ಎಂದು ಓಲ್ವೆನ್ ಪಾದ್ರಿಗಳಿಗೆ ಹೇಳಿದಳು. "ಆದ್ರೆ ಸತ್ತಿಲ್ಲ, ಸ್ವಾಮಿ. ಬಟ್ಟೆಯೊಳಗೆ ಬೆರಳಲ್ಲಿ ತಾಳ ತಿದ್ತಾ ಇದಾರೆ."

ಸೆಪ್ಟೆಂಬರ್ ೧೭, ಭಾನುವಾರ, ನನ್ನ ಕೈಬರಹದ ನಿರ್ಣಯವನ್ನು ನನ್ನಿಂದಲೇ ಓದಿಸಿ ಸಭೆಯು ನನ್ನನ್ನು ಪೀಠದಿಂದ ಇಳಿಸಿತು. ಓಲ್ವೆನ್ ಅಕ್ಟೋಬರ್ ೯ರವರೆಗೆ ಮಾತನಾಡಲಿಲ್ಲ. ಮರುವರ್ಷ ಬಂದ ಚಿತ್ರದಲ್ಲಿ ನಾನಿಲ್ಲ. ಮಂದಿರದಲ್ಲಿ ನನಗೀಗ ಮೇಲುದನಿಯವರ ಹಿಂದಿನ ಬೆಂಚು. ಅವರು ಇಂದಿಗೂ ತಡವಾಗಿಯೇ ಹಾಡುತ್ತಾರೆ.