ಎರಡು ವೈನು, ಒಂದೇ ‘ವ’

ಕನ್ನಡದವರಿಗೆ ‘ವ’ ಒಂದೇ. ಆ ಒಂದರಲ್ಲೇ ವಡೆ, ವರಾನ್ವೇಷಣೆ, ವಾದ-ವಿವಾದ ಎಲ್ಲವನ್ನೂ ಮುಗಿಸಿಕೊಂಡು ನಲವತ್ತು ವರ್ಷ ಸುಖವಾಗಿದ್ದವನು ನಾನು. ಇಂಗ್ಲಿಷಿನಲ್ಲಿ ಅದು ಎರಡು, ಒಂದಕ್ಕೆ ಕೆಳತುಟಿಯನ್ನು ಹಲ್ಲಿಗೆ ತಾಗಿಸಬೇಕು, ಇನ್ನೊಂದಕ್ಕೆ ಸೀಟಿ ಹೊಡೆಯುವವರಂತೆ ತುಟಿ ದುಂಡಗೆ ಮಾಡಬೇಕು ಎಂಬುದು ಈ ಪರದೇಶಕ್ಕೆ ಬಂದು ಫ್ಲವರ್ ಮೌಂಡ್ ಎಂಬ ಊರಿನಲ್ಲಿ ಮನೆ ಮಾಡಿದ ಮೇಲೂ ನನಗೆ ಗೊತ್ತಿರಲಿಲ್ಲ. ಆಫೀಸಿನಲ್ಲಿ ಹೇಗೋ ನಡೆಯುತ್ತಿತ್ತು; ಅಲ್ಲಿ ಅರ್ಧ ಜನ ನಮ್ಮವರೇ.

ಸಿಕ್ಕಿಬಿದ್ದದ್ದು ಬಸಳೆಯಿಂದ. ಉಡುಪಿಯವಳಾದ ನನ್ನ ಹೆಂಡತಿ ಸುಮಾ, ಹ್ಯೂಸ್ಟನ್‌ನ ಅಕ್ಕನ ಮನೆಯಿಂದ ಒಂದು ಕಡ್ಡಿ ತಂದು ಬೇಲಿಯ ಪಕ್ಕ ನೆಟ್ಟು ಮಗುವಿನ ಹಾಗೆ ಸಾಕಿದ್ದಳು. ಮತ್ತೆ ಅಕ್ಕನ ಮನೆಗೆ ಹೊರಟಾಗ, “ಬಸಳೆಗೆ ಏನಾದ್ರೂ ಆದ್ರೆ ನಾನು ಅಲ್ಲೇ ಇದ್ದುಬಿಡ್ತೀನಿ” ಅಂದಿದ್ದಳು. ಅವಳು ಹಾಸ್ಯ ಮಾಡುವಾಗ ನಗುತ್ತಾಳೆ, ಆಗ ನಕ್ಕಿರಲಿಲ್ಲ. ಮೂರನೇ ದಿನ ನಮ್ಮ ಬಾಗಿಲಲ್ಲಿ ಪಕ್ಕದ ಮನೆಯ ಅಜ್ಜಿ ಡೊರೊಥಿಯವರ ಚೀಟಿ: ನಾಳೆ ಆಳು ಬಂದು ಬೇಲಿಯ ಮೇಲಿನದನ್ನೆಲ್ಲ ಕತ್ತರಿಸುತ್ತಾನೆ. ಬಳ್ಳಿಯ ಮುಕ್ಕಾಲು ಪಾಲು ಅವರ ಕಡೆಗೇ ಹಬ್ಬಿತ್ತು. ಗಾಬರಿಯಲ್ಲಿ ಫೋನ್ ಮಾಡಿದರೆ ಸಂದೇಶ ಹಿಡಿದಿಡುವ ಅವರ ಮೆಷಿನ್ ಉತ್ತರ ಕೊಟ್ಟಿತು. “ನಮ್ಮ ವೈನ್ ನಿಮ್ಮ ಕಡೆ ಬಂದಿದೆ. ದಯವಿಟ್ಟು ಎಸೆಯಬೇಡಿ. ಅದಿಲ್ಲದೆ ನನ್ನ ಹೆಂಡತಿ ಬದುಕುವುದಿಲ್ಲ” ಎಂದು ಇಂಗ್ಲಿಷಿನಲ್ಲಿ ಹೇಳಿ ಇಟ್ಟೆ.

ಸಂಜೆ ಡೊರೊಥಿಯವರೇ ಬಂದರು. ಕೈಯಲ್ಲಿ, ಕುಡಿತ ಬಿಡಿಸುವ ಚರ್ಚ್ ಸಭೆಯ ಕರಪತ್ರ. “ಅಂಗಳವೆಲ್ಲ ಹುಡುಕಿದೆ, ಬಾಟಲಿ ಸಿಗಲಿಲ್ಲ” ಎಂದು ನನ್ನ ಕೈ ಹಿಡಿದುಕೊಂಡು, “ಪಾಪ, ಎಷ್ಟು ದಿನದಿಂದ ಕುಡೀತಾರೆ?” ಎಂದು ಮೆಲ್ಲಗೆ ಕೇಳಿದರು.

“ಕುಡಿಯೋದಲ್ಲ, ಸಾರು ಮಾಡೋದು” ಎಂದೆ. ಅವರ ಕಣ್ಣಲ್ಲಿ ನೀರು ಬಂತು.

ಎರಡನೇ ಕ್ಲಾಸಿನ ಮಗಳು ನನ್ನ ಬೆನ್ನ ಹಿಂದೆ ನಿಂತು, “ಅಪ್ಪಾ, ಬೈಟ್ ಯುವರ್ ಲಿಪ್” ಎಂದು ಪಿಸುಗುಟ್ಟಿದಳು. ತುಟಿ ಕಚ್ಚಿದೆ. ಬೇಲಿಯ ಕಡೆ ಬೆರಳು ತೋರಿಸಿ “ವೈನ್” ಎಂದೆ. ಅವರು ಬಳ್ಳಿಯನ್ನು ನೋಡಿದರು, ನನ್ನನ್ನು ನೋಡಿದರು, ಬಾಗಿಲಿಗೆ ಒರಗಿಕೊಂಡು ನಗಲು ಶುರುಮಾಡಿದರು. ಬಳ್ಳಿಯ ವೈನು, ಬಾಟಲಿಯ ವೈನು, ಈ ಎರಡನ್ನೂ ನಿಮಗೆ ಬೇರೆ ಬೇರೆಯಾಗಿ ಬರೆದು ತೋರಿಸೋಣವೆಂದರೆ ನಮ್ಮ ಲಿಪಿಯೂ ನನ್ನ ಪಕ್ಷವೇ.

ಆಳಿಗೆ ಬಸಳೆ ಮುಟ್ಟಬೇಡ ಎಂದು ಹೇಳುವುದಾಗಿ ಡೊರೊಥಿ ಮಾತು ಕೊಟ್ಟರು. ಹೋದ ಜೀವ ಬಂದಂತಾಯಿತು. ಮೆಟ್ಟಿಲಿಳಿದವರು ಮತ್ತೆ ತಿರುಗಿ, ಕಷ್ಟದಲ್ಲಿರುವವರಿಗಾಗಿ ಚರ್ಚಿನಲ್ಲಿ ಮಾಡುವ ಪ್ರಾರ್ಥನೆಯ ಪಟ್ಟಿಗೆ ಸುಮಾಳ ಹೆಸರು ಆಗಲೇ ಕೊಟ್ಟಾಗಿದೆ, ನಾಳೆಯೇ ತೆಗೆಸುತ್ತೇನೆ ಎಂದರು.

“ಆ ಜಾಗಕ್ಕೆ ನಿಮ್ಮ ಹೆಸರು ಹಾಕಿಸಲಾ? ಇಂಗ್ಲಿಷಿಗೆ.”

ನಾನು ಬೇಡ ಎನ್ನಲಿಲ್ಲ.